ಹಾಸಿಗೆ ಹಿಡಿದ ಅತ್ತೆಗೆ ಮನೆಯಲ್ಲೇ ಆರೈಕೆ: ಕಾಸರಗೋಡಿನ ಬದಿಯಡ್ಕದವರ ಪ್ರಶ್ನೆಗೆ

ಅತ್ತೆಗೆ ಪಕ್ಷವಾತ, ಮಾವನಿಗೆ ಬಿಪಿ, ಶುಗರ್ ಮಾತ್ರೆ ಅಂಗಡಿಯಿಂದ ತರಬೇಕು, ಆಟೋ ಮಾಡಿ ಕರ್ಕೊಂಡು ಹೋಗ್ಲಿಕ್ಕೆ ದುಡ್ಡಿಲ್ಲ, ಮಲಯಾಳವೂ ಬರುವುದಿಲ್ಲ, ಏನು ಮಾಡ್ಲಿ ಅಂತ ಕೇಳಿದ್ದೀರಿ.

ಅಕ್ಕಾ, ಮೊದಲು ನಿಮ್ಮ ವಾರ್ಡಿನ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ. ನಂಬರ್ ವಾರ್ಡ್ ಮೆಂಬರ್ ಹತ್ತಿರ ಇರುತ್ತದೆ. ‘ಪ್ಯಾಲಿಯೇಟಿವ್‌ಗೆ ಹೆಸರು ಬರೆಸಬೇಕು’ ಅಂದರೆ ಸಾಕು. ಪ್ಯಾಲಿಯೇಟಿವ್ ಅಂದರೆ ದೀರ್ಘ ಕಾಯಿಲೆಯವರ ನೋವು, ಕಷ್ಟ ಕಡಿಮೆ ಮಾಡುವ ಆರೈಕೆ. ಆ ಹೆಸರು ಕೇಳಿ ಹೆದರಬೇಡಿ, ಅದು ಕ್ಯಾನ್ಸರಿನವರಿಗೆ ಮಾತ್ರ ಅಲ್ಲ. ಕೇರಳ 2008ರಲ್ಲೇ ಇದಕ್ಕೊಂದು ನೀತಿ ಮಾಡಿದೆ. ಪಂಚಾಯತ್ ಕಡೆಯಿಂದ ನರ್ಸ್ ಮನೆಗೇ ಬರುತ್ತಾರೆ, ಫೀಸ್ ಇಲ್ಲ.

ನಮ್ಮ ಅಜ್ಜಿಗೂ ಹಾಗೇ ಬರುತ್ತಿದ್ದರು. ಮೂತ್ರದ ಟ್ಯೂಬ್ ಬದಲಿಸಿ, ಬೆನ್ನಿನ ಹುಣ್ಣು ತೊಳೆದು, ಎರಡು ಗಂಟೆಗೊಮ್ಮೆ ಮಗ್ಗುಲು ಹೇಗೆ ಬದಲಿಸಬೇಕು ಅಂತ ಅಮ್ಮನ ಕೈಯಲ್ಲೇ ಮಾಡಿಸಿ ತೋರಿಸಿದರು. ಅವರದು ಮಲಯಾಳ, ಅಜ್ಜಿಯದು ತುಳು. ಆದರೂ ಜಗಲಿಯಲ್ಲಿ ಚಾ ಕುಡಿಯುವಾಗ ಮಾತು ಮುಗಿಯುತ್ತಲೇ ಇರಲಿಲ್ಲ!

ಮಾವನ ಬಿಪಿ, ಶುಗರ್ ಮಾತ್ರೆಯನ್ನು ಅಂಗಡಿಯಿಂದ ಸುಮ್ನೆ ಯಾಕೆ ತರ್ತೀರಿ? ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆ ಮಾಡಿ ಉಚಿತವಾಗಿ ಕೊಡುತ್ತಾರೆ. ಸ್ಟಾಕ್ ಇಲ್ಲದ ದಿನ ಜನೌಷಧಿ ಅಂಗಡಿ ನೋಡಿ, ಅಲ್ಲಿ ರೇಟ್ ತುಂಬಾ ಕಮ್ಮಿ.

ಕೇರಳ ಸರ್ಕಾರದ ಕಾರುಣ್ಯ ಆರೋಗ್ಯ ಕಾರ್ಡಿನಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಆದರೆ ಅದು ಅಡ್ಮಿಟ್ ಆದರೆ ಮಾತ್ರ, ತಿಂಗಳ ಮಾತ್ರೆಗಲ್ಲ. ಇಲ್ಲಿ ಜಾಸ್ತಿ ಜನ ಮೋಸ ಹೋಗುವುದು. ಮಂಗಳೂರಿಗೆ ಹೊರಡುವುದಾದರೆ ಆ ಆಸ್ಪತ್ರೆಯಲ್ಲಿ ಕಾರ್ಡ್ ನಡೆಯುತ್ತದಾ ಅಂತ ಮೊದಲೇ ಕೇಳಿಕೊಳ್ಳಿ.

ರಾತ್ರಿ ಏನಾದರೂ ಸಂಶಯ ಬಂದರೆ ಕೇರಳ ಸರ್ಕಾರದ ಆರೋಗ್ಯ ಸಹಾಯವಾಣಿ ದಿಶಾಗೆ ಫೋನ್ ಮಾಡಿ, ನಂಬರ್ 1056.