ಮಂಗಳೂರಿನಲ್ಲಿ ಇಷ್ಟು ಮಳೆ ಬರುವಾಗ ಡೇಟಾ ಸೆಂಟರ್ ಬಳಸುವ ನೀರಿಗೆ ಮಿತಿ ಯಾಕೆ ಬೇಕು?

ಜೂನ್‌ನಲ್ಲಿ ಎಷ್ಟೇ ಸುರಿದರೂ ಏಪ್ರಿಲ್-ಮೇ ತಿಂಗಳಲ್ಲಿ ನಮಗೆ ನೀರು ಸಾಲುವುದಿಲ್ಲ, ಅದಕ್ಕೇ ಬೇಕು. ನಗರಕ್ಕೆ ಕುಡಿಯುವ ನೀರು ಬರುವುದು ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದ. ಹೊಳೆಯ ಹರಿವು ನಿಂತರೆ ಅಲ್ಲಿ ಕಟ್ಟಿಟ್ಟಷ್ಟೇ ಗತಿ. 2019ರ ಬೇಸಿಗೆಯಲ್ಲಿ ಪಾಳಿ ಹಾಕಿ ನೀರು ಬಿಟ್ಟದ್ದು ನೆನಪಿದೆ ಅಲ್ವಾ?

ಡೇಟಾ ಸೆಂಟರ್‌ನ ಸರ್ವರ್‌ಗಳಿಗೆ, ಅಂದರೆ ಅಲ್ಲಿನ ಕಂಪ್ಯೂಟರ್‌ಗಳಿಗೆ, ಕೊಟ್ಟ ಕರೆಂಟೆಲ್ಲ ಕೊನೆಗೆ ಬಿಸಿಯಾಗಿ ಹೊರಬರುತ್ತದೆ. ಕೂಲಿಂಗ್ ಟವರ್ ಇರುವಲ್ಲಿ ನೀರನ್ನು ಆವಿ ಮಾಡಿ ಆ ಬಿಸಿ ಕಳೆಯುತ್ತಾರೆ. ಒಂದು ಯೂನಿಟ್ ಕರೆಂಟಿನ ಬಿಸಿಗೆ ಸುಮಾರು 1.5 ಲೀಟರ್ ನೀರು ಬೇಕು. ಎಲ್ಲ ಬಿಸಿಯನ್ನೂ ಹೀಗೇ ಕಳೆದರೆ 10 ಮೆಗಾವ್ಯಾಟ್ ಕೇಂದ್ರಕ್ಕೆ ದಿನಕ್ಕೆ ಸುಮಾರು 3.6 ಲಕ್ಷ ಲೀಟರ್! ಮನೆಯಲ್ಲಿ ಬಳಸಿದ ನೀರು ಚರಂಡಿಗಾದರೂ ಬರುತ್ತದೆ, ಶುದ್ಧ ಮಾಡಿ ಮತ್ತೆ ಬಳಸಬಹುದು. ಇದು ಗಾಳಿಗೆ ಹೋಯಿತೆಂದರೆ ಹೋಯಿತು.

ಕೊರತೆ ಬರುವುದು ಬೇಸಿಗೆಯಲ್ಲಿ, ಹಾಗಾಗಿ ವರ್ಷದ ಒಟ್ಟು ಲೆಕ್ಕದ ಮಿತಿ ಸುಮ್ನೆ ಕಾಗದದ ಮೇಲಿರುತ್ತದೆ. ತಿಂಗಳ ಮೀಟರ್ ಲೆಕ್ಕ, ಬೇಸಿಗೆಗೆ ಬಿಗಿಯಾದ ಮಿತಿ, ಅದಕ್ಕಿಂತ ಮುಖ್ಯವಾಗಿ ಕುಡಿಯುವ ನೀರಿನ ಬದಲು ಶುದ್ಧೀಕರಿಸಿದ ಕೊಳಚೆ ನೀರು ಬಳಸುವ ಷರತ್ತು ಬೇಕು. ಇದೇನೂ ಹೊಸತಲ್ಲ, ಇಲ್ಲಿನ ತೈಲ ಸಂಸ್ಕರಣಾಗಾರ ಎಂಆರ್‌ಪಿಎಲ್ ಕಾವೂರಿನ ಕೊಳಚೆ ನೀರು ಶುದ್ಧೀಕರಣ ಘಟಕದಿಂದ ಅಂಥ ನೀರನ್ನು ಪಡೆದಿದೆ. ನೀರೇ ಬೇಡದ, ಬರೀ ಗಾಳಿಯಿಂದ ತಂಪು ಮಾಡುವ ವ್ಯವಸ್ಥೆಯೂ ಇದೆ. ಆದರೆ ಕರೆಂಟ್ ಜಾಸ್ತಿ ಎಳೆಯುತ್ತದೆ.