ಅಣ್ಣನಿಗೂ ನನಗೂ ಎಂಆರ್‌ಐ ಒಂದೇ ಥರ ಇದೆ, ನೋವು ಮಾತ್ರ ಬೇರೆ ಯಾಕೆ?

ಅಣ್ಣ ತಮ್ಮ ಇಬ್ಬರಿಗೂ ಎಲ್‌4-ಎಲ್‌5 ಡಿಸ್ಕ್, ಅಂದರೆ ಸೊಂಟದ ಎರಡು ಮೂಳೆಗಳ ನಡುವಿನ ಮೆತ್ತೆ, ಉಬ್ಬಿದೆ ಅಂತ ರಿಪೋರ್ಟ್. ಅಣ್ಣ ಮೂಡಿಗೆರೆ ತೋಟದಲ್ಲಿ ಏಣಿ ಹತ್ತಿ ಮೆಣಸು ಬಿಡಿಸುತ್ತಾರೆ, ನಿಮಗೆ ಅರ್ಧ ಗಂಟೆ ಕೂರೋಕೂ ಆಗುವುದಿಲ್ಲ. "ನಂದು ಸುಮ್ನೆ ಮನಸ್ಸಿನ ನೋವಾ?" ಅಂತ ಕೇಳಿದ್ದೀರಿ. ಅಲ್ಲ. ನಾನು ಹಾಸನದಲ್ಲಿ ಫಿಸಿಯೋಥೆರಪಿ ಮಾಡುತ್ತೇನೆ. ಫಿಲ್ಮಿನ ಕವರ್ ಕಂಕುಳಲ್ಲಿಟ್ಟುಕೊಂಡು ಇದೇ ಪ್ರಶ್ನೆ ಕೇಳುವವರು ವಾರಕ್ಕೆ ಇಬ್ಬರಾದರೂ ಬರುತ್ತಾರೆ.

ಮೊದಲು ಆ ಫಿಲ್ಮಿನ ವಿಷಯ. 1994ರಲ್ಲಿ ಅಮೆರಿಕದಲ್ಲಿ ಸೊಂಟ ನೋವೇ ಇಲ್ಲದ 98 ಜನರಿಗೆ ಎಂಆರ್‌ಐ ಮಾಡಿ ನೋಡಿದರು. ಅರ್ಧಕ್ಕಿಂತ ಜಾಸ್ತಿ ಜನರಲ್ಲಿ ಒಂದು ಡಿಸ್ಕ್ ಆದರೂ ಉಬ್ಬಿತ್ತು! ಉಬ್ಬು ಇದೆ, ನೋವಿಲ್ಲ. ಹಾಗಾಗಿ ನಿಮ್ಮಿಬ್ಬರ ಫಿಲ್ಮ್ ಪಕ್ಕಪಕ್ಕ ಇಟ್ಟು ನೋಡಿದರೆ ಉತ್ತರ ಸಿಗುವುದಿಲ್ಲ.

ನೋವು ಹುಟ್ಟುವ ದಾರಿಯೇ ಬೇರೆ ಬೇರೆ. ಮೂಟೆ ಎತ್ತುವಾಗ ಹಿಡಿದುಕೊಂಡ ಸೊಂಟ ಒಂದು ಥರ: ಸ್ನಾಯು, ಕೀಲಿನ ನೋವು, ಬಗ್ಗಿದರೆ ಜಾಸ್ತಿ, ಮಲಗಿದರೆ ಕಡಿಮೆ. ನರದ್ದು ಇನ್ನೊಂದು: ಕಾಲಿಗೆ ಇಳಿಯುವ ಉರಿ, ಕರೆಂಟ್ ಹೊಡೆದ ಹಾಗೆ, ಜೋಮು. ಮೂರನೆಯದಕ್ಕೆ ನೋಸಿಪ್ಲಾಸ್ಟಿಕ್ ನೋವು ಅಂತ ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘ ಹೆಸರು ಒಪ್ಪಿದ್ದೇ 2017ರಲ್ಲಿ. ಇದರಲ್ಲಿ ಗಾಯವೂ ಸರಿಯಾಗಿ ಕಾಣುವುದಿಲ್ಲ, ನರಕ್ಕೆ ಏಟು ಬಿದ್ದ ಗುರುತೂ ಇರುವುದಿಲ್ಲ. ನೋವಿನ ಸುದ್ದಿ ನೋಡಿಕೊಳ್ಳುವ ಮಿದುಳು, ಬೆನ್ನುಹುರಿಯೇ ಅತಿ ಸೂಕ್ಷ್ಮವಾಗಿರುತ್ತವೆ. ಒಂದು ಸಲ ಚಿರತೆ ಬಂದುಹೋದ ಮೇಲೆ ತೋಟದ ನಾಯಿ ಸಿಲ್ವರ್ ಓಕ್ ಎಲೆ ಬಿದ್ದರೂ ಬೊಗಳುತ್ತದೆ, ಅಲ್ವಾ? ನಾಯಿ ನಾಟಕ ಮಾಡುತ್ತಿಲ್ಲ.

ಇದನ್ನು ಪತ್ತೆ ಮಾಡೋಕೆ ಸಂಶೋಧಕರು ಸೊಂಟ ಬಿಟ್ಟು ಬೇರೆ ಕಡೆ ಒತ್ತಿ ನೋಡುತ್ತಾರೆ. ರಬ್ಬರ್ ತುದಿಯ ಒಂದು ಸಣ್ಣ ಸಾಧನ, ಎಷ್ಟು ಕೆಜಿ ಒತ್ತಿದಾಗ ನೋವು ಶುರುವಾಯಿತು ಅಂತ ತೋರಿಸುತ್ತದೆ. ನನ್ನ ಹತ್ತಿರವೂ ಒಂದಿದೆ. ಹೋದ ವರ್ಷ ಕಾಫಿ ಕೊಯ್ಲು ಮುಗಿಸಿ ಒಬ್ಬರು ಅಮ್ಮ ಬಂದಿದ್ದರು. ಸೊಂಟ ಒತ್ತಿದಾಗ ನೋವಾಯಿತು, ಸರಿ. ಹೆಬ್ಬೆರಳ ಉಗುರಿನ ಮೇಲೆ ಮೆಲ್ಲಗೆ ಒತ್ತಿದೆ. "ಅಯ್ಯೋ, ಬುಡವ್ವ" ಅಂತ ಕೈ ಎಳೆದುಕೊಂಡರು. ಹೆಬ್ಬೆರಳಿಗೂ ಡಿಸ್ಕಿಗೂ ಏನು ಸಂಬಂಧ? ಮೂರು ವರ್ಷದಿಂದ ಸರಿಯಾಗಿ ನಿದ್ದೆ ಇಲ್ಲ ಅಂತ ಆಮೇಲೆ ಹೇಳಿದರು. ನಾನೇ ಮೊದಲು ಕೇಳಬೇಕಿತ್ತು, ಅಷ್ಟು ದಿನ ಬರೀ ಸೊಂಟಕ್ಕೆ ಶಾಖ ಕೊಟ್ಟು ಕಳಿಸಿದ್ದೆ.

ಇನ್ನೊಂದು ಪರೀಕ್ಷೆ ತಮಾಷೆಯಾಗಿದೆ. ಕಾಲು ಒತ್ತಿ ಅಳತೆ ತೆಗೆದು, ಕೈಯನ್ನು ಐಸ್ ನೀರಲ್ಲಿ ಅದ್ದಿಸಿ, ಮತ್ತೆ ಕಾಲು ಒತ್ತುತ್ತಾರೆ. ಸಾಮಾನ್ಯವಾಗಿ ಎರಡನೆಯ ಸಲ ನೋವು ಕಡಿಮೆ ಅನ್ನಿಸುತ್ತದೆ, ದೇಹ ತಾನೇ ನೋವನ್ನು ತಗ್ಗಿಸುತ್ತದೆ. ಬಹಳ ಕಾಲದ ನೋವಿರುವ ಕೆಲವರಲ್ಲಿ ಹಾಗೆ ಆಗುವುದಿಲ್ಲ.

ಒಬ್ಬರಲ್ಲೇ ಎರಡು ಮೂರು ಥರದ ನೋವು ಕಲೆತಿರುವುದೂ ಉಂಟು. ಥರ ಗೊತ್ತಾದ ತಕ್ಷಣ ಮದ್ದು ಸಿಕ್ಕಿತು ಅಂತಲೂ ಅಲ್ಲ. ಕಾಲಿಗೆ ಇಳಿಯುವ ನೋವಿಗೆ ನಮ್ಮಲ್ಲಿ ಧಾರಾಳವಾಗಿ ನುಂಗುವ "ನರದ ಮಾತ್ರೆ" ಪ್ರೆಗಾಬಲಿನ್ ಅನ್ನು ಸಿಡ್ನಿಯಲ್ಲಿ 209 ಜನರ ಮೇಲೆ ಪರೀಕ್ಷಿಸಿದರು. ಫಲಿತಾಂಶ 2017ರಲ್ಲಿ ಬಂತು. ಔಷಧಿ ಇಲ್ಲದ ಖಾಲಿ ಮಾತ್ರೆಗಿಂತ ಅದು ಹೆಚ್ಚು ಕೆಲಸ ಮಾಡಲಿಲ್ಲ, ತಲೆಸುತ್ತು ಮಾತ್ರ ಜಾಸ್ತಿ. ಈಗಾಗಲೇ ತಗೊಳ್ಳುತ್ತಿದ್ದರೆ ಇದನ್ನು ಓದಿ ಏಕಾಏಕಿ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ.

ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಕವರಿನಿಂದ ಫಿಲ್ಮ್ ತೆಗೆಯೋಕೆ ಮೊದಲು ಇಷ್ಟು ಹೇಳಿ: ನೋವು ಮೊಣಕಾಲು ದಾಟಿ ಇಳಿಯುತ್ತದಾ, ಮೈಯಲ್ಲಿ ಬೇರೆಲ್ಲಿ ನೋವಿದೆ, ನಿದ್ದೆ ಹೇಗಿದೆ. ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋದರೆ, ತೊಡೆ ಸಂದಿಯಲ್ಲಿ ಸ್ಪರ್ಶ ಗೊತ್ತಾಗದಿದ್ದರೆ, ಪಾದ ಎತ್ತೋಕೆ ಆಗದಿದ್ದರೆ ಆಗಲೇ ದೊಡ್ಡಾಸ್ಪತ್ರೆಗೆ ಓಡಿ, ನನ್ನಂಥವರ ಹತ್ತಿರ ಬರಬೇಡಿ.