ಓದುಗರ ಪ್ರಶ್ನೆ: ಗೆದ್ದ ಮೇಲೂ ಸೋಲಬೇಕೇ?

ಪ್ರಶ್ನೆ: ನಾನು ಎಂಜಿನಿಯರಿಂಗ್ ವಿದ್ಯಾರ್ಥಿ. ರಜೆಯಲ್ಲಿ ಅಣ್ಣನ ಪ್ಲೇಸ್ಟೇಷನ್‌ನಲ್ಲಿ ‘ದಿ ಲಾಸ್ಟ್ ಆಫ್ ಅಸ್’ ಎಂಬ ವಿಡಿಯೊ ಗೇಮ್ ಆಡಿ ಮುಗಿಸಿದೆ. ಕೊನೆಯ ದೃಶ್ಯ ನನಗೆ ಬಹಳ ಹಿಡಿಸಿತು. ನನ್ನ ಗೆಳೆಯ ಮಾತ್ರ, ‘ರೊಕ್ಕ ಕೊಟ್ಟು ತಲಿ ಕೆಡಿಸ್ಕೊಳ್ಳೂದ್ಯಾಕ? ಗೆದ್ದೆನೋ ಸೋತೆನೋ ಗೊತ್ತಾಗಬೇಕಲ್ಲ’ ಎನ್ನುತ್ತಾನೆ. ಅಷ್ಟು ಹೊತ್ತು ಕಷ್ಟಪಟ್ಟು ಆಡಿದವನಿಗೆ ಇಂಥ ಕಹಿಯಾದ, ಇತ್ಯರ್ಥವಾಗದ ಅಂತ್ಯ ನಿಜಕ್ಕೂ ತೃಪ್ತಿ ಕೊಡಬಲ್ಲದೇ?
– ಓದುಗ, ಕಲಬುರಗಿ

ಉತ್ತರ: ನಿಮ್ಮ ಗೆಳೆಯರ ಮಾತನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ನಮ್ಮ ಭಾಗದ ಹೆಚ್ಚಿನ ಹುಡುಗರು ಆಟ ಕಲಿತದ್ದೇ ಕೊನೆಯವರೆಗೆ ಉಳಿದವರು ಗೆಲ್ಲುವ ಮೊಬೈಲಿನ ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ), ಫ್ರೀ ಫೈರ್‌ಗಳಲ್ಲಿ. ಬಿಜಿಎಂಐನ ಒಂದು ಮ್ಯಾಚಿಗೆ ನೂರು ಜನ ಇಳಿದರೆ ಹೆಚ್ಚುಕಡಿಮೆ ಎಲ್ಲರೂ ಸೋತೇ ಹೊರಬರುತ್ತಾರೆ. ಆ ಸೋಲು ಯಾರನ್ನೂ ಕಾಡುವುದಿಲ್ಲ, ಇನ್ನೊಂದು ಮ್ಯಾಚ್ ಹಚ್ಚಿದರೆ ಮುಗಿಯಿತು. ಕಥೆಯುಳ್ಳ ಆಟದಲ್ಲಿ ತೊಡಕು ಬೇರೆ. ಅಲ್ಲಿ ಆಟಗಾರ ಹೇಳಿದ್ದನ್ನೆಲ್ಲ ಸರಿಯಾಗಿ ಮಾಡಿ ಗೆದ್ದಿರುತ್ತಾನೆ, ಆದರೂ ಅವನು ನಡೆಸಿಕೊಂಡು ಬಂದ ನಾಯಕ ಸೋಲುತ್ತಾನೆ. ಹೀಗೆ ಕೈ ಗೆದ್ದು ಕಥೆ ಸೋಲುವುದನ್ನು ಆಟ ಹೇಗೆ ನಿಭಾಯಿಸುತ್ತದೆ ಎಂಬುದರ ಮೇಲೆ ತೃಪ್ತಿ ನಿಂತಿದೆ ಎಂದು ನಾನು ತಿಳಿದಿದ್ದೇನೆ. ದುಃಖವನ್ನು ಆಟಗಾರ ತಾಳಿಕೊಳ್ಳುತ್ತಾನೆ. ತಾನು ಮಾಡಿದ್ದಕ್ಕೂ ಕೊನೆಗೆ ಆದದ್ದಕ್ಕೂ ಸಂಬಂಧವೇ ಇಲ್ಲವೆಂದು ಕಂಡಾಗ ಅವನಿಗೆ ರೇಗುತ್ತದೆ. (ಮುಂದೆ ಕೆಲವು ಆಟಗಳ ಕೊನೆಯನ್ನು ಹೇಳಲೇಬೇಕಾಗಿದೆ, ಆಡಬೇಕೆಂದಿರುವವರು ಪುಟ ತಿರುವಬಹುದು.)

2005ರಲ್ಲಿ ಬಂದ, ಫುಮಿಟೊ ಉಎಡಾ ನಿರ್ದೇಶನದ ‘ಶ್ಯಾಡೋ ಆಫ್ ದಿ ಕೊಲೋಸಸ್’ ಆಟವನ್ನು ನೋಡಿ. ಸತ್ತ ಹುಡುಗಿಯೊಬ್ಬಳನ್ನು ಬದುಕಿಸಲೆಂದು ನಾಯಕ 16 ದೈತ್ಯರನ್ನು ಒಬ್ಬೊಬ್ಬರನ್ನಾಗಿ ಕೊಲ್ಲುತ್ತಾನೆ. ಅವುಗಳಲ್ಲಿ ಕೆಲವು ತಮ್ಮ ಪಾಡಿಗೆ ತಾವಿದ್ದಂಥವು. ಬಿದ್ದಾಗ ಕೇಳಿಬರುವ ಸಂಗೀತವೂ ಶೋಕದ್ದೇ. ಕೊನೆಯಲ್ಲಿ ಮಂದಿರದ ಕೊಳದಿಂದ ಎದ್ದ ಸುಳಿಗಾಳಿ ನಾಯಕನನ್ನು ಎಳೆಯತೊಡಗುತ್ತದೆ, ಆದರೆ ಕಂಟ್ರೋಲರ್ ಇನ್ನೂ ನಮ್ಮ ಕೈಯಲ್ಲೇ ಇರುತ್ತದೆ. ದೈತ್ಯರ ಮೈಮೇಲಿನ ರೋಮ ಹಿಡಿದು ನೇತಾಡಲು ಆಟದುದ್ದಕ್ಕೂ ಒತ್ತಿದ ಅದೇ ಬಟನ್ನನ್ನು ಒತ್ತಿ ಮೆಟ್ಟಿಲಿಗೆ ಜೋತುಬೀಳಬಹುದು, ಕೈಬಿಟ್ಟು ಹುಡುಗಿಯ ಕಡೆಗೆ ನಾಲ್ಕು ಹೆಜ್ಜೆ ಓಡಬಹುದು, ಮತ್ತೆ ಜೋತುಬೀಳಬಹುದು. ಎಷ್ಟು ಹೆಣಗಿದರೂ ಗಾಳಿ ಬಿಡುವುದಿಲ್ಲ. ಸಿನಿಮಾದ ನಾಯಕ ಹೀಗೆ ಹೋಗಿದ್ದರೆ ನಾವು ಮರುಗಿ ಸುಮ್ಮನಾಗುತ್ತಿದ್ದೆವು. ಇಲ್ಲಿ ಬೆರಳು ನೋಯುವವರೆಗೆ ಹಟ ಹಿಡಿದವರು ನಾವೇ, 16 ಕೊಲೆಗಳನ್ನು ಮಾಡಿದವರೂ ನಾವೇ; ಆದ್ದರಿಂದ ಆ ಸೋಲು ಅನ್ಯಾಯವೆನಿಸುವುದಿಲ್ಲ.

ಇದಕ್ಕೆ ತದ್ವಿರುದ್ಧವಾದದ್ದು 2008ರ ‘ಫಾಲೌಟ್ 3’. ವಿಕಿರಣ ತುಂಬಿದ ಕೋಣೆಗೆ ಯಾರಾದರೂ ಹೋಗಿ ನೀರು ಶುದ್ಧೀಕರಿಸುವ ಯಂತ್ರವನ್ನು ಚಾಲೂ ಮಾಡಬೇಕು, ಹೋದವರು ಬದುಕುವುದಿಲ್ಲ. ತ್ಯಾಗದ ಅಂತ್ಯ, ಕೇಳಲು ಸೊಗಸಾಗಿದೆ. ಆದರೆ ವಿಕಿರಣ ತಟ್ಟದ ಮೈಯುಳ್ಳ ಫಾಕ್ಸ್ ಎಂಬ ಜೊತೆಗಾರ ಆಟಗಾರನ ಪಕ್ಕದಲ್ಲೇ ನಿಂತಿರಬಹುದು, ಮತ್ತು ಕೇಳಿದರೆ ಅವನು ‘ಇದು ನಿನ್ನ ಹಣೆಬರಹ’ ಎಂಬರ್ಥದಲ್ಲಿ ಮಾತಾಡಿ ಹಿಂದೆ ಸರಿಯುತ್ತಾನೆ! ಇಂಥಲ್ಲಿ ಆಟಗಾರನಿಗೆ ಕಣ್ಣೀರು ಬರುವುದಾದರೂ ಹೇಗೆ? ಮರುವರ್ಷ ಬಂದ ‘ಬ್ರೋಕನ್ ಸ್ಟೀಲ್’ ಎಂಬ ಹೆಚ್ಚುವರಿ ಭಾಗದಲ್ಲಿ ಜೊತೆಗಾರನನ್ನು ಒಳಗೆ ಕಳಿಸಲು ಅವಕಾಶವಾಯಿತು, ನಾಯಕನೂ ಉಳಿದು ಆಟ ಮುಂದುವರಿಯಿತು.

2012ರ ‘ಮಾಸ್ ಎಫೆಕ್ಟ್ 3’ ಎಂಬ ಬಾಹ್ಯಾಕಾಶ ಯುದ್ಧದ ಆಟದ ಗಲಾಟೆಯನ್ನು ನೀವು ಕೇಳಿರಬಹುದು. 2007ರಿಂದ ಈ ಸರಣಿಯ ಮೂರು ಆಟಗಳುದ್ದಕ್ಕೂ ಆಟಗಾರರು ಕೈಗೊಂಡ ನಿರ್ಧಾರಗಳೆಲ್ಲ ಕೊನೆಗೆ ಮೂರು ಆಯ್ಕೆಗಳಿಗೆ ಇಳಿದು, ಬಹುಮಟ್ಟಿಗೆ ಬಣ್ಣ ಮಾತ್ರ ಬೇರೆಯಾದ ದೃಶ್ಯಗಳಲ್ಲಿ ಮುಗಿದವು. ಪ್ರತಿಭಟನೆ ಎಷ್ಟು ಜೋರಾಯಿತೆಂದರೆ ಆಟ ತಯಾರಿಸಿದ ಬಯೋವೇರ್ ಸಂಸ್ಥೆ ಅದೇ ವರ್ಷದ ಜೂನ್‌ನಲ್ಲಿ ವಿಸ್ತರಿಸಿದ ಅಂತ್ಯವನ್ನು ಉಚಿತವಾಗಿ ಕೊಟ್ಟಿತು. ಆ ವಿಸ್ತರಣೆಯಲ್ಲಿ ಸಂಗಾತಿಗಳು, ಲೋಕಗಳು ಮುಂದೆ ಏನಾದವೆಂಬುದು ಸೇರಿತು. ಜೊತೆಗೆ ಆ ಮೂರನ್ನೂ ನಿರಾಕರಿಸುವ ನಾಲ್ಕನೆಯ ದಾರಿಯೂ ತೆರೆಯಿತು. ಆ ದಾರಿ ಹಿಡಿದರೆ ಶತ್ರುವೇ ಗೆದ್ದು ನಾಯಕನ ಕಾಲದ ನಾಗರಿಕತೆಗಳು ನಾಶವಾಗುತ್ತವೆ. ಅಂದರೆ ರೊಚ್ಚಿಗೆದ್ದವರನ್ನು ಸಮಾಧಾನಪಡಿಸಲು ಬಂದ ಪೊಟ್ಟಣದೊಳಗೆ ಮೊದಲಿಗಿಂತ ಕಠೋರವಾದ ಅಂತ್ಯವೊಂದು ಇತ್ತು. ಎಲ್ಲರೂ ಅದರಿಂದ ತಣಿಯಲಿಲ್ಲ ನಿಜ, ಆದರೂ ಜನ ಕೇಳಿದ್ದು ಬರೀ ಸುಖಾಂತ್ಯವನ್ನಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಕಾಣುತ್ತಿಲ್ಲ.

ಇನ್ನು ನಿಮ್ಮ ‘ದಿ ಲಾಸ್ಟ್ ಆಫ್ ಅಸ್’. 2013ರ ಈ ಆಟದಲ್ಲಿ, ಜಗತ್ತನ್ನೇ ಹಾಳುಗೆಡವಿದ ಸೋಂಕು ತಟ್ಟದ ಹುಡುಗಿ ಎಲಿಯ ಪ್ರಾಣ ತೆಗೆದರೆ ಆ ರೋಗಕ್ಕೆ ಮದ್ದು ಸಿಗಬಹುದು. ಅವಳನ್ನು ಕಾಪಾಡಿಕೊಂಡು ಬಂದ ನಾಯಕ ಜೋಯೆಲ್ ಅದಕ್ಕೆ ಒಪ್ಪದೆ ಆಸ್ಪತ್ರೆಯವರನ್ನು ಕೊಂದು ಅವಳನ್ನು ಎತ್ತಿಕೊಂಡು ಹೋಗುತ್ತಾನೆ. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ವೈದ್ಯನನ್ನು ಆಟಗಾರನೇ ಕೊಲ್ಲಬೇಕು, ಇಲ್ಲದಿದ್ದರೆ ಆಟ ಮುಂದೆ ಸಾಗುವುದಿಲ್ಲ. ಆಮೇಲೆ, ಅವರು ಮದ್ದಿನ ಹುಡುಕಾಟವನ್ನೇ ನಿಲ್ಲಿಸಿದ್ದಾರೆಂದು ಜೋಯೆಲ್ ಅವಳಿಗೆ ಸುಳ್ಳು ಹೇಳುತ್ತಾನೆ, ಆಣೆಯನ್ನೂ ಇಡುತ್ತಾನೆ, ಅವಳು ‘ಆಯ್ತು’ ಎನ್ನುತ್ತಾಳೆ, ಪರದೆ ಕಪ್ಪಾಗುತ್ತದೆ. ಇಲ್ಲಿ ಘಟನೆ ಯಾವುದೂ ಬಾಕಿ ಉಳಿದಿಲ್ಲ ಎಂಬುದನ್ನು ಗಮನಿಸಿ. ನಡೆದದ್ದೆಲ್ಲ ನಮ್ಮ ಕಣ್ಣೆದುರೇ, ನಮ್ಮ ಕೈಯಿಂದಲೇ ನಡೆದಿದೆ. ಉಳಿದದ್ದು ಅವಳು ನಂಬಿದಳೇ, ಅವನು ಮಾಡಿದ್ದು ಸರಿಯೇ ಎಂಬುದಷ್ಟೆ. ನಮ್ಮ ಸೀಮೆಯ ದೊಡ್ಡಾಟದಲ್ಲಿ ಎಷ್ಟೇ ತಲೆ ಉರುಳಿದರೂ ಮಂಗಳ ಹಾಡದೆ ಆಟ ಮುಗಿಯುವುದಿಲ್ಲ. ಆ ಮಂಗಳವನ್ನು ನಿರೀಕ್ಷಿಸುವ ನಿಮ್ಮ ಗೆಳೆಯರಿಗೆ ಇದು ರುಚಿಸದಿದ್ದರೆ ಅದು ಅವರ ಅಭಿರುಚಿ, ತಪ್ಪೇನಲ್ಲ. ‘ಗೆದ್ದೆನೋ ಸೋತೆನೋ’ ಎಂಬ ಅವರ ಪ್ರಶ್ನೆಯನ್ನೇ ಆಟ ಬೇಕೆಂದು ಕೇಳುತ್ತಿದೆ ಎಂದು ಮಾತ್ರ ಅವರಿಗೆ ತಿಳಿಸಿ.

ಪ್ರಶ್ನೆ: ಆಟದ ಕಥೆಯನ್ನು ಅರ್ಧಕ್ಕೆ ನಿಲ್ಲಿಸುವುದು ಮುಂದಿನ ಭಾಗವನ್ನು ಮಾರುವ ಉಪಾಯವಷ್ಟೇ ಅಲ್ಲವೇ?
– ಓದುಗ, ಬೀದರ್

ಉತ್ತರ: ಎಷ್ಟೋ ಸಲ ಹೌದು. 2007ರಲ್ಲಿ ಬಂದ ‘ಹಾಫ್-ಲೈಫ್ 2: ಎಪಿಸೋಡ್ ಟೂ’ ಮುಖ್ಯ ಪಾತ್ರವೊಂದರ ಸಾವಿನಲ್ಲಿ, ಮಗಳ ಅಳುವಿನ ನಡುವೆ ನಿಂತಿತು. ಮೂರನೆಯ ಕಂತು ಬರಲೇ ಇಲ್ಲ. 2020ರ ‘ಹಾಫ್-ಲೈಫ್: ಅಲಿಕ್ಸ್’ ಆ ಸಾವಿನ ಗಳಿಗೆಗೆ ಮರಳಿ, ಅದನ್ನು ತಿದ್ದಿ, ಕಥೆಯನ್ನು ಇನ್ನೊಂದು ಕೊಕ್ಕೆಗೆ ನೇತುಹಾಕಿ ಹೋಯಿತು. ಇದನ್ನು ಅಪೂರ್ಣ ಎನ್ನಬೇಕೇ ಹೊರತು ಮುಕ್ತ ಅಂತ್ಯವೆಂದು ಮನ್ನಿಸಲಾಗದು. ಕಂತುಗಳಲ್ಲಿ ಬರುವ ಆಟಗಳನ್ನು ಕೊನೆಯ ಕಂತು ಬಂದ ಮೇಲೆ ಒಟ್ಟಿಗೆ ಕೊಳ್ಳಿ. ಅಷ್ಟರಲ್ಲಿ ಬೆಲೆಯೂ ಇಳಿದಿರುತ್ತದೆ.